ಗೋಸುಂಬಿ ಬಂದದ, ಟೀಚರ್‌ಗೆ ಕರೀರಿ

ಕಕ್ಕೇರಾ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಕಾಲುವೆಗೆ ನೀರು ಬಂದ ಮೇಲೆ ದಂಡೆಯ ಜಾಲಿ ಕಂಟಿಗಳಲ್ಲಿ ಹುಳ ಹೆಚ್ಚಿದವು, ಹುಳದ ಹಿಂದೆ ಗೋಸುಂಬೆಗಳೂ ಬಂದವು. ಒಮ್ಮೆ ಒಂದನ್ನು ಬರಿಗೈಯಲ್ಲಿ ಹಿಡಿದದ್ದೇ ನನ್ನ ತಪ್ಪು. ಅಂದಿನಿಂದ ಊರಲ್ಲಿ ಹೆರಿಗೆಗೆ ನರ್ಸಮ್ಮ, ಗೋಸುಂಬೆಗೆ ನಾನು. ಕರೆ ಬರದ ವರ್ಷವೇ ಇಲ್ಲ.

ಕೆಂಪು ಕರವಸ್ತ್ರ

ತಪಾಸಣೆಗೆ ಬಂದ ಸಾಹೇಬರು ನನ್ನ ತರಗತಿಯಲ್ಲಿ ಗೋಸುಂಬೆ ಕಂಡವರೇ ಜೇಬಿನಿಂದ ಕೆಂಪು ಕರವಸ್ತ್ರ ತೆಗೆದು ಮೇಜಿನ ಮೇಲೆ ಹಾಸಿದರು.

"ಇದರ ಮ್ಯಾಲ ಬಿಡ್ರಿ. ಕೆಂಪಗ ಆಗ್ಲಿ."

"ಕುಂತ ಜಾಗ ನೋಡಿ ಅದು ಬಣ್ಣ ಬದಲಸಂಗಿಲ್ರಿ. ಬಿಸಲು, ಅಂಜಿಕಿ, ಸಿಟ್ಟು, ಇವಕ್ಕ ಬದಲಸ್ತದ."

"ನನಗ ಕಲಸಾಕ ಬರಬ್ಯಾಡ್ರಿ," ಎಂದು ಸಾಹೇಬರೇ ಅದರ ಬೆನ್ನು ತಿವಿದರು. ಹಸಿರಾಗಿದ್ದ ಪ್ರಾಣಿ ಮೈ ಉಬ್ಬಿಸಿ, ಬುಸ್ ಎಂದು, ಕಪ್ಪಾಗಿಬಿಟ್ಟಿತು.

"ಯಾಕ ಕರ್ರಗಾತು?"

"ಸಿಟ್ಟು ಬಂದದ್ರಿ."

"ಯಾರ ಮ್ಯಾಲ?"

ಗೋಸುಂಬೆ ಒಂದು ಕಣ್ಣನ್ನು ನನ್ನ ಮೇಲಿಟ್ಟು, ಇನ್ನೊಂದನ್ನು ನಿಧಾನಕ್ಕೆ ತಿರುಗಿಸಿ ಸಾಹೇಬರ ಮೇಲೆ ನಿಲ್ಲಿಸಿತು.

ಗೇಟಿನ ಚಕ್ರ

ಭತ್ತ ತೆನೆ ಬಿಡುವ ಹೊತ್ತು. ಕಾಲುವೆಯ ಕಡೇ ಹೊಲಗಳಿಗೆ ಅಂದು ನೀರಿನ ಪಾಳಿ. ಗೇಟು ಎತ್ತಬೇಕಾದವನು ಮಾತ್ರ ಮಾರು ದೂರ ನಿಂತಿದ್ದ. ಗೇಟಿನ ಚಕ್ರದ ಮೇಲೆ ಗೋಸುಂಬೆ ಕೂತಿತ್ತು.

"ಅದು ಉಸರು ಬಿಟ್ರ ಮೈಯೆಲ್ಲಾ ಬಾವು ಬರ್ತದ್ರಿ," ಎಂದ.

ರೈತರು ಸಲಿಕೆ ಎತ್ತಿದ್ದರು. ಹೊಡೆಯಬೇಡಿ ಎಂದು ನಾನು ಒಂದು ಟೊಂಗೆಯನ್ನು ಅದರ ಮುಂದೆ ಹಿಡಿದೆ. ಅದು ಒಂದು ಕಾಲೆತ್ತಿತು. ಮುಂದೆ ತೂಗಿತು, ಹಿಂದೆ ತೂಗಿತು, ಅದೇ ಕಾಲನ್ನು ಅಲ್ಲೇ ಇಟ್ಟಿತು. ಮತ್ತೆ ಎತ್ತಿತು. ಹತ್ತು ಮಂದಿ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಅಂತೂ ಅದು ಟೊಂಗೆಗೆ ದಾಟಿತು, ಗೇಟು ಎದ್ದಿತು, ನೀರು ಹೊಲ ಸೇರಿತು.

ಮುದುಕನೊಬ್ಬ ನನ್ನ ಹತ್ತಿರ ಬಂದ. "ಟೀಚರ್, ನಮ್ಮ ಗೇಟಿನವ ರಜಾ ಹಾಕಿದ ದಿನ ಇದಕ್ಕ ಕಳಸ್ರಿ. ಅವನಕಿಂತ ಜಲ್ದಿ ಮಾಡ್ತದ."

ಹಿತ್ತಲದ ನಿಧಿ

ಕಾರ್ತಿಕದ ಒಂದು ಬೆಳಿಗ್ಗೆ ಪಕ್ಕದ ಮನೆಯ ಯಜಮಾನ ಓಡಿ ಬಂದ. "ಟೀಚರ್, ಗೋಸುಂಬಿ ನಮ್ಮ ಹಿತ್ತಲದಾಗ ನೆಲ ತೋಡಿ ಹೋಗ್ಯದ! ನಾ ಕೆದರಿ ನೋಡಿದ್ರ ಮೊಟ್ಟಿ ಅವ. ನಿಧಿ ಕಾಯೋ ಸರ್ಪಂದ ಇರಬೇಕು!"

ಹೋಗಿ ನೋಡಿದೆ. ಬೆರಳ ತುದಿಯಷ್ಟು ಬಿಳಿ ಮೊಟ್ಟೆಗಳು.

"ಇವು ಗೋಸುಂಬಿವ ಅವ. ಮೊಟ್ಟಿ ಇಡಾಕ ಅದು ಗಿಡ ಇಳದು ನೆಲ ತೋಡ್ತದ."

"ಇಷ್ಟ ದೊಡ್ಡ ಊರಾಗ ನಮ್ಮ ಹಿತ್ತಲಾನ ಯಾಕ ಬೇಕಾತು ಅದಕ್ಕ?"

ಅವನಿಗೆ ಉತ್ತರ ಹೇಳಿ ಗೆದ್ದವರಿಲ್ಲ. ಮೊಟ್ಟೆಗಳನ್ನು ಮಗ್ಗುಲು ಬದಲಾಗದಂತೆ ಒಂದೊಂದೇ ಎತ್ತಿ ಬುಟ್ಟಿಯ ಮಣ್ಣಿನಲ್ಲಿಟ್ಟು, ಬೇಲಿ ಬುಡಕ್ಕೆ ಒಯ್ದು ಹೂಳಿದೆ. ಅವನು ನಿಧಿಯ ಆಸೆಗೆ ಅಲ್ಲೇ ಗುದ್ದಲಿ ಹಿಡಿದ. ಮೊಣಕಾಲುದ್ದ ಆಯಿತು, ಎದೆಯುದ್ದ ಆಯಿತು. ಹೆಂಡತಿ ಬೇಡ ಎನ್ನಲಿಲ್ಲ, ಎರಡು ಸಲ ಮಜ್ಜಿಗೆಯನ್ನೂ ಕೊಟ್ಟಳು. ಮಧ್ಯಾಹ್ನಕ್ಕೆ ಗುಂಡಿಯೊಳಗಿಂದ ಅವನ ರುಮಾಲು ಮಾತ್ರ ಕಾಣುತ್ತಿತ್ತು.

ಆಗ ಆಕೆ ಬಗ್ಗಿ ನೋಡಿ ಹೇಳಿದಳು: "ಸಾಕು, ಮ್ಯಾಲ ಬರ್ರಿ. ಕಲ್ಲು ಕಟ್ಟಾಕ ಗೌಂಡಿಗೆ ಹೇಳಿ ಕಳಿಸೇನಿ."

"ಗೌಂಡಿ ಯಾಕ? ನಿಧಿ ಇನ್ನಾ ಸಿಕ್ಕಿಲ್ಲ!"

"ನನಗ ಸಿಕ್ತಲ್ರೀ. ಸಂಡಾಸಕ್ಕ ಗುಂಡಿ ತೋಡ್ರಿ ಅಂದ್ರ ವರ್ಷದಿಂದ ಸೊಂಟ ನೋವು ಅಂತಿದ್ರಿ!"