ಮಾವನ ಆರು ಸ್ಟಾಂಪುಗಳು

ಮೂಡಬಿದಿರೆಯಲ್ಲಿ ನನ್ನ ಸೋದರಮಾವನಷ್ಟು ಬೇಗ ಪ್ರಬಂಧ ತಿದ್ದುವ ಮಾಸ್ಟ್ರು ಹಿಂದೆಯೂ ಇರಲಿಲ್ಲ, ಮುಂದೆಯೂ ಹುಟ್ಟಲಾರರು! ನಲವತ್ತು ಪುಸ್ತಕಕ್ಕೆ ಹತ್ತೇ ನಿಮಿಷ. ಗುಟ್ಟೇನು ಗೊತ್ತೇ? ಹೆದರಿಕೆ!

ಅದು ಎಂಬತ್ತರ ದಶಕ. ಗುಮಾಸ್ತರ ಕೆಲಸವನ್ನೆಲ್ಲ ಮಾಡುವ ಕಂಪ್ಯೂಟರ್ ಎಂಬ ಯಂತ್ರ ಬರುತ್ತಿದೆ ಎಂದು ಪೇಪರಿನಲ್ಲಿ ಓದಿದ್ದೇ ತಡ, ಮಾವ ಪೇಪರು ಹಿಡಿದುಕೊಂಡೇ ನನ್ನ ಬಳಿ ಓಡಿಬಂದರು.

“ಇವತ್ತು ಗುಮಾಸ್ತ, ನಾಳೆ ಮಾಸ್ಟ್ರು! ಮಕ್ಕಳ ಪ್ರಬಂಧ ಸಹ ಅದೇ ತಿದ್ದುತ್ತದಂತೆ ಮಾರಾಯ್ತಿ.”

“ಯಾರು ಹೇಳಿದ್ದು ಮಾವ?”

“ಯಾರು ಹೇಳ್ಬೇಕು? ನನಗೆ ಗೊತ್ತುಂಟು. ಅದು ಬರುವ ಮೊದಲು ನಾನೇ ಯಂತ್ರದ ಹಾಗೆ ತಿದ್ದಿ ತೋರಿಸ್ತೇನೆ!”

ಮಂಗಳೂರಿನಿಂದ ಆರು ರಬ್ಬರ್ ಸ್ಟಾಂಪು ಬಂದವು. ಒಂದು ಪುಟ ಬರೆದವರಿಗೆ ‘ಇನ್ನೂ ವಿಸ್ತರಿಸಬೇಕು’, ಮೂರು ಪುಟ ಬರೆದವರಿಗೆ ‘ಸಂಕ್ಷೇಪವಾಗಿರಲಿ’. ಓದುವ ಗೊಡವೆಯೇ ಇಲ್ಲ, ಬರೇ ಟಪ್ ಟಪ್! ನನ್ನ ಗೆಳತಿಯೊಬ್ಬಳು ‘ಹಸು’ ಪ್ರಬಂಧದ ನಡುವೆ ಬಂಗುಡೆ ಮೀನಿನ ಸಾರು ಮಾಡುವ ಕ್ರಮವನ್ನು ಉಪ್ಪು ಹುಳಿ ಸಮೇತ ಬರೆದಳು. ಬಿತ್ತು ಸ್ಟಾಂಪು: ‘ಉತ್ತಮ ವಿಚಾರ’! ಆದರೂ ಆ ಸದ್ದು ಕೇಳಿದರೆ ಅವರ ಕ್ಲಾಸಿನಲ್ಲಿದ್ದ ನಮಗೆಲ್ಲ ಹೆದರಿಕೆಯೇ. ‘ಪೋಷಕರನ್ನು ಕರೆತರುವುದು’ ಎಂಬ ಆರನೆಯದು ಯಾರ ತಲೆಗೆ ಬೀಳುತ್ತದೋ ಯಾರು ಬಲ್ಲರು?

ಆ ವರ್ಷ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಅಪ್ಪ ಅಲ್ಲೇ ಉಳಿದರು, ನಾನು ಮಾವನ ಮನೆಯಲ್ಲಿ. “ಏನಿಲ್ಲ, ಸಣ್ಣ ಆಪರೇಷನ್” ಎಂದು ಮಾವ ನಕ್ಕರು. ಸಣ್ಣದಾದರೆ ನಾನು ಒಳಗೆ ಬಂದಕೂಡಲೇ ದೊಡ್ಡವರ ಮಾತು ನಿಲ್ಲುವುದೇಕೆ? ಹತ್ತು ದಿನವಾದರೂ ನನ್ನನ್ನು ಕರೆದುಕೊಂಡು ಹೋಗುವವರಿಲ್ಲ. ಶಾಲೆಯ ಕೆಲಸದ ನೆಪ ಹೇಳಿ ಮಾವನೂ ಅತ್ತ ಸುಳಿಯಲಿಲ್ಲ. ನನಗೆ ಕೇಳಲೂ ಭಯ, ಕೇಳದೆ ಇರಲೂ ಭಯ.

‘ನನ್ನ ಊರು’ ಎಂಬ ಪ್ರಬಂಧ ಕೊಟ್ಟಿದ್ದರು. ಹೇಗೂ ಮಾವ ಓದುವುದಿಲ್ಲವಲ್ಲ! ಆ ಧೈರ್ಯದಲ್ಲಿ, ಸಾವಿರ ಕಂಬದ ಬಸದಿಯ ವರ್ಣನೆ ಮುಗಿಸಿ ಬರೆದುಬಿಟ್ಟೆ: ‘ಅಮ್ಮ ಸತ್ತುಹೋಗುತ್ತಾಳೆಯೇ? ಯಾರೂ ಹೇಳುತ್ತಿಲ್ಲ.’

ಪುಸ್ತಕ ಮರಳಿ ಬಂತು. ಸ್ಟಾಂಪು ಇರಲಿಲ್ಲ. ಕೆಂಪು ಶಾಯಿಯಲ್ಲಿ ಮಾವನ ಸೊಟ್ಟ ಅಕ್ಷರ: ‘ನನಗೂ ಹೆದರಿಕೆ ಆಗ್ತಾ ಉಂಟು ಮಗಾ. ನಾಳೆ ನಾವಿಬ್ಬರೂ ಹೋಗಿ ನೋಡುವ.’

ಮರುದಿನ ಮೊದಲ ಬಸ್ಸಿಗೇ ಹೊರಟೆವು. ವಾರ್ಡಿನಲ್ಲಿ ಅಮ್ಮ ದಿಂಬಿಗೊರಗಿ ಕುಳಿತಿದ್ದಳು. ತುಂಬ ಸೊರಗಿದ್ದಳು, ಆದರೂ ನಗುತ್ತಿದ್ದಳು. ತಮ್ಮ ಅಕ್ಕನನ್ನು ಕಂಡದ್ದೇ ಮಾವ ಬಾಗಿಲಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತರು. ನಾನೇ ಅವರ ಕೈಹಿಡಿದು ಒಳಗೆ ಕರೆದುಕೊಂಡು ಹೋದೆ.