ಭಾರವಾಯಿತು ಎಂದಷ್ಟೇ ಹೇಳಬೇಕು

ಮನಃಶಾಸ್ತ್ರದ ಮೇಷ್ಟ್ರು ಎಂದು ಹೇಳಿಕೊಳ್ಳುವುದು ನಮ್ಮ ಅಫಜಲಪುರದ ಬಸ್ಸುಗಳಲ್ಲಿ ಅಷ್ಟು ಕ್ಷೇಮವಲ್ಲ. ಪಕ್ಕದಲ್ಲಿ ಕೂತವರು ಇದನ್ನು ಕೇಳಿದ ಕೂಡಲೇ ತುಸು ಆಚೆ ಸರಿಯುತ್ತಾರೆ, ಎಲ್ಲಿ ತಮ್ಮ ಒಳಗಿನದನ್ನೆಲ್ಲ ಓದಿಬಿಡುತ್ತೇನೋ ಎಂಬ ಅಂಜಿಕೆಯಿಂದ. ಕೆಲವರು ಮಾತ್ರ ಇನ್ನೂ ಹತ್ತಿರ ಸರಿದು, “ನಮ್ಮ ಅಳಿಯಗ ಸ್ವಲ್ಪ ತಲಿ ಸರಿ ಇಲ್ರಿ ಸರ್. ಗಾಣಗಾಪುರದ ಗುಡಿಗೆ ಕರಕೊಂಡು ಹೋಗಲೋ, ನಿಮ್ಮ ಕಾಲೇಜಿಗೆ ಕರಕೊಂಡು ಬರಲೋ?” ಎಂದು ಕೇಳುತ್ತಾರೆ. ನಮ್ಮ ಕಾಲೇಜಿನ ಮನಃಶಾಸ್ತ್ರದ ಪ್ರಯೋಗಾಲಯದಲ್ಲಿ ಇರುವುದು ಒಂದು ಸ್ಟಾಪ್‌ವಾಚು, ತೂಕದ ಪುಟ್ಟ ಡಬ್ಬಿಗಳ ಒಂದು ಸೆಟ್ಟು ಮತ್ತು ಬಾಗಿಲು ಹಾಕಲು ಬಾರದ ಒಂದು ಕಪಾಟು. ಇವನ್ನು ನೋಡಿದರೆ ಅಳಿಯನ ತಲೆ ಇನ್ನಷ್ಟು ಕೆಟ್ಟೀತು. ಕಲಬುರಗಿಯಲ್ಲಿ ಡಾಕ್ಟರಿದ್ದಾರೆ, ಅವರಿಗೆ ತೋರಿಸ್ರಿ ಎಂದು ಹೇಳಿ ಕಿಟಕಿಯ ಕಡೆ ಮುಖ ಮಾಡುತ್ತೇನೆ. ನಿಜ ಹೇಳಬೇಕೆಂದರೆ, ಎದುರಿಗಿರುವವರ ಮನಸ್ಸು ನನಗೆ ಒಂದು ದಿನವೂ ತಿಳಿದದ್ದಿಲ್ಲ. ತಿಳಿದಿದ್ದರೆ ಇದನ್ನೆಲ್ಲ ಬರೆಯುತ್ತ ಕೂರಬೇಕಾಗಿರಲಿಲ್ಲ.

ನನಗೆ ತಿಳಿದಿರುವುದು ಮನಃಶಾಸ್ತ್ರದ ಚರಿತ್ರೆ. ಹುಡುಗರು ಆಕಳಿಸುವ ಆ ಪತ್ರಿಕೆಯೇ ನನ್ನ ಪ್ರಾಣ. ತತ್ವಜ್ಞಾನಿಗಳ ಕೈಯಲ್ಲಿದ್ದ ಮನಸ್ಸನ್ನು ಬಿಡಿಸಿಕೊಂಡು ಬಂದು ಪ್ರಯೋಗಾಲಯದ ಮೇಜಿನ ಮೇಲೆ ಕೂರಿಸಿದ ಆ ಹಳೆಯ ಜರ್ಮನ್ ಪ್ರೊಫೆಸರುಗಳೆಂದರೆ ನನಗೆ ಸೋದರಮಾವಂದಿರಷ್ಟು ಸಲಿಗೆ. ಒಬ್ಬರು ಗಂಟೆಯ ಸದ್ದು ಕೇಳಿದ ಮೇಲೆ ಮನುಷ್ಯ ಗುಂಡಿ ಒತ್ತುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಸೆಕೆಂಡನ್ನು ಸೀಳಿ ಅಳೆದರು. ಇನ್ನೊಬ್ಬರು ಅರ್ಥವೇ ಇಲ್ಲದ ಅಕ್ಷರಗಳನ್ನು ವರ್ಷಗಟ್ಟಲೆ ತಾವೇ ಬಾಯಿಪಾಠ ಮಾಡಿ, ತಾವೇ ಮರೆತು, ಮರೆತದ್ದರ ಲೆಕ್ಕ ಬರೆದಿಟ್ಟರು. ಮೊದಲನೆಯವರ ಶಿಷ್ಯರೊಬ್ಬರು ಅಮೆರಿಕಕ್ಕೆ ಹೋಗಿ ಗುರುವಿಗಿಂತ ಬಿಗಿಯಾದರು. ಅವರ ಹತ್ತಿರ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಎದುರಿಗೆ ಸೇಬು ಇಟ್ಟರೆ ಸೇಬು ಎನ್ನಬಾರದು. ಕೆಂಪಗಿದೆ, ದುಂಡಗಿದೆ, ಮುಟ್ಟಿದರೆ ತಣ್ಣಗಿದೆ, ಇಷ್ಟೇ ಹೇಳಬೇಕು. ವಸ್ತುವಿನ ಹೆಸರು ಬಾಯಿಗೆ ಬಂತೋ, ಅದು ಮನಸ್ಸಿನ ವರದಿಯಲ್ಲ, ಸಂತೆಯ ಮಾತು. ಈ ನಿಯಮ ನನಗೆ ಎಷ್ಟು ಹಿಡಿಸಿತೆಂದರೆ ಜಗತ್ತು ಅದನ್ನು ಕೈಬಿಟ್ಟು ಎಷ್ಟೋ ಕಾಲವಾದ ಮೇಲೂ ನಾನು ಬಿಟ್ಟಿರಲಿಲ್ಲ.

ಅದು ನನಗೆ ಅಂಟಿಕೊಂಡದ್ದು ಎಂ.ಎ. ಓದುವಾಗ. ನಮ್ಮ ಪ್ರಾಕ್ಟಿಕಲ್ಲಿನ ಪದ್ಧತಿಯೇ ಹಾಗೆ, ಪ್ರಯೋಗಕ್ಕೆ ಕೂರುವ ಒಬ್ಬ ಮನುಷ್ಯನನ್ನು ವಿದ್ಯಾರ್ಥಿಯೇ ಹುಡುಕಿಕೊಂಡು ಬರಬೇಕು. ಅವರಿಗೆ ಸಬ್ಜೆಕ್ಟ್ ಎನ್ನುತ್ತಾರೆ. ಪ್ರಯೋಗ ಮುಗಿದ ಮೇಲೆ ಅವರ ಒಳಗೆ ಏನೇನಾಯಿತು ಎಂದು ಕೇಳಿ ರೆಕಾರ್ಡ್ ಪುಸ್ತಕದಲ್ಲಿ ಅಂತರ್ವೀಕ್ಷಣೆಯ ವರದಿ ಬರೆಯಬೇಕು. ನನಗೆ ಆಗತಾನೆ ಮದುವೆಯಾಗಿತ್ತು. ಕರಜಗಿಯ ಕಬ್ಬಿನ ಹೊಲದಿಂದ ಬಂದ ಕಸ್ತೂರಿಗೆ ಗಂಡನ ಮನೆಯಲ್ಲಿ ಮೊದಲು ಸಿಕ್ಕ ಕೆಲಸ ಸಬ್ಜೆಕ್ಟ್ ಆಗುವುದು. ಕಣ್ಣಿಗೆ ಕರವಸ್ತ್ರ ಕಟ್ಟಿ, ಎರಡೂ ಕೈಗೆ ಒಂದೊಂದು ಡಬ್ಬಿ ಕೊಟ್ಟು, ಏನನಸ್ತದ ಹೇಳು ಎಂದೆ.

“ಇದು ನಮ್ಮ ಬೆಲ್ಲದ ಡಬ್ಬಿ ಇದ್ದಂಗ ಅದ ನೋಡ್ರಿ. ಅದು ನಮ್ಮವ್ವ ಒಂದು ಹೆಂಟಿ ಬೆಲ್ಲ ತಗದಮ್ಯಾಲ ಉಳದಷ್ಟು ಅದ,” ಎಂದಳು.

“ಬೆಲ್ಲ ಅನಬಾರದು. ಅವ್ವ ಅಂತೂ ಅನಲೇಬಾರದು. ಭಾರ ಆತು, ಹಗರ ಆತು, ಇಷ್ಟೇ ಅನಬೇಕು.”

ಕಸ್ತೂರಿ ಎರಡೂ ಡಬ್ಬಿಗಳನ್ನು ಇನ್ನೊಮ್ಮೆ ಎತ್ತಿ ತೂಗಿದಳು. ಆಮೇಲೆ, “ಭಾರ ಆತ್ರಿ,” ಎಂದಳು. ನಾನು ಸಂತೋಷದಿಂದ ಬರೆದುಕೊಂಡೆ. ತವರು ಬಿಟ್ಟು ತಿಂಗಳಾಗದ ಹುಡುಗಿ ಯಾವ ಭಾರದ ಮಾತಾಡಿದಳು ಎಂಬುದು ರೆಕಾರ್ಡ್ ಪುಸ್ತಕದ ವಿಷಯವಾಗಿರಲಿಲ್ಲ.

ಆದರೆ ಕಸ್ತೂರಿ ಸುಮ್ಮನೆ ಪಳಗುವ ಪೈಕಿಯಲ್ಲ. ನಿಯಮ ಕಲಿತವಳೇ ಅದನ್ನು ನನ್ನ ಮೇಲೆ ತಿರುಗಿಸಿದಳು. ನಾನು ತರುವ ಬದನೆಕಾಯಿ ಹುಳುಕಾಗಿದ್ದರೆ, “ಬೆರಳಿಗೆ ಮೆತ್ತಗ ಹತ್ತಿದ ಅನುಭವ ಆಗಿ, ಅದು ಕೈಮ್ಯಾಲ ನಡದಾಡಿದ ಅನುಭವ ಆತ್ರಿ,” ಎನ್ನುವಳು. ನಾನು ಕಡಗಂಚಿಯಲ್ಲಿ ವಿಚಾರಸಂಕಿರಣ ಮುಗಿಸಿ ಹೇಳಿದ ಹೊತ್ತಿಗೆ ಮನೆಗೆ ಬರದಿದ್ದರೆ, “ಕಣ್ಣಿಗೆ ಬಾಗಿಲಷ್ಟೇ ಕಾಣತಿತ್ರಿ. ಕಿವಿಗೆ ಏನೂ ಇಲ್ಲ. ಹೊಟ್ಟ್ಯಾಗ ಸುಟ್ಟಂಗ. ಹೆಸರು ಹೇಳಂಗಿಲ್ಲಲ್ಲ,” ಎಂದು ರೊಟ್ಟಿ ಬಡಿಯುತ್ತಲೇ ವರದಿ ಒಪ್ಪಿಸುವಳು. ನಾನು ನಗುತ್ತಿದ್ದೆ, ಹತ್ತಕ್ಕೆ ಏಳು, ಹತ್ತಕ್ಕೆ ಎಂಟು ಎಂದು ಅಂಕ ಕೊಡುತ್ತಿದ್ದೆ. ಕೈ ಬಿಗಿಯಾದ ಮೇಷ್ಟ್ರು ಎಂದು ಕಾಲೇಜಿನಲ್ಲಿ ನನಗೆ ಹೆಸರು, ಮನೆಯಲ್ಲೂ ಒಂಬತ್ತು ದಾಟಿದವನಲ್ಲ. ಮಕ್ಕಳಿಲ್ಲದ ಮನೆ ನಮ್ಮದು. ಈ ಆಟ ಇಬ್ಬರಿಗೂ ಬೇಕಾಗಿತ್ತು. ಸಿಟ್ಟು, ಬೇಸರ, ಪ್ರೀತಿ ಯಾವುದರ ಹೆಸರನ್ನೂ ಎತ್ತದೆ ನಾವು ಇಪ್ಪತ್ತೇಳು ವರ್ಷ ಸಂಸಾರ ಮಾಡಿದೆವು.

ಎರಡು ವರ್ಷದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ನಾನು ಪಡಸಾಲೆಯಲ್ಲಿ ಕೂತು ರೆಕಾರ್ಡ್ ಪುಸ್ತಕ ತಿದ್ದುತ್ತಿದ್ದೆ. ಆಗಲೇ ಚಹಾ ಕೊಟ್ಟು ಒಳಗೆ ಹೋಗಿದ್ದ ಕಸ್ತೂರಿ ಮತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು.

“ಎದ್ಯಾಗ ಒತ್ತಿದಂಗ ಆಗ್ತದ್ರಿ. ಎಡಗೈ ಭಾರ. ಬೆವರು ಬರಾಕತ್ತದ, ತಣ್ಣಗ. ಬಾಯಿ ಒಣಗ್ಯಾದ.”

ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಒಂದೇ ಒಂದು ಹೆಸರಿಲ್ಲದ, ಎಲ್ಲೂ ತಪ್ಪದ ವರದಿ. ನನ್ನ ಎಂ.ಎ. ವಿದ್ಯಾರ್ಥಿಗಳೂ ಇಷ್ಟು ಚೊಕ್ಕವಾಗಿ ಹೇಳಿದವರಲ್ಲ. “ಭೇಷ್,” ಎಂದೆ. “ಇವತ್ತ ಹತ್ತಕ್ಕ ಹತ್ತು.” ಅವಳು ನಕ್ಕಳೆಂದು ನನ್ನ ನೆನಪು. ನಕ್ಕಿರಲಿಕ್ಕಿಲ್ಲ. ನಾನು ಕೈಯಲ್ಲಿದ್ದ ಪುಟ ತಿದ್ದಿ, ಚಹಾ ಕುಡಿದು ಮುಗಿಸಿ, ಲೋಟ ಇಡಲು ಒಳಗೆ ಹೋದೆ. ಕಸ್ತೂರಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಹುಡುಗರ ಪ್ರತಿಕ್ರಿಯೆಯ ಹೊತ್ತನ್ನು ಸೆಕೆಂಡು ಸೀಳಿ ಅಳೆಸುವ ಈ ಮೇಷ್ಟ್ರಿಗೆ ಹೆಂಡತಿಯ ಮಾತಿಗೆ ಎದ್ದು ಬರಲು ಹಿಡಿದದ್ದು ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು.

ಪಕ್ಕದ ಮನೆಯವರ ಕಾರಿನಲ್ಲಿ ಕಲಬುರಗಿಗೆ ಹೊರಟೆವು. ಗಾಣಗಾಪುರಕ್ಕೆ ತಿರುಗುವ ಕ್ರಾಸಿನಲ್ಲಿ ಯಾತ್ರಿಕರ ಗುಂಪೊಂದು ರಸ್ತೆ ದಾಟುತ್ತಿತ್ತು, ಕಾರು ನಿಂತಿತು. ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದ ಕಸ್ತೂರಿ ಕಣ್ಣು ತೆರೆದು, “ನನಗ ಹೆದರಿಕಿ ಆಗಾಕತ್ತದ್ರಿ,” ಎಂದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಹೆಸರು ಹಿಡಿದು ಹೇಳಿದಳು. ನನಗೂ ಹೆದರಿಕೆಯಾಗಿತ್ತು. ಹಾಗೆಂದು ಹೇಳಲಿಲ್ಲ. ಅವಳ ಕೈ ಒತ್ತಿ ಹಿಡಿದೆ. ಕಲಬುರಗಿ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಬೇಗ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಿಕ್ಕೆ ಬರೋದಿಲ್ಲ ಎಂದರು. ಮಾತಾಡಿಸಲು ಬಂದವರಿಗೆಲ್ಲ ಎದೆನೋವು, ಒಮ್ಮೆಲೇ ಆಯಿತು ಎಂದೆ. ಚಹಾದ ಸಂಗತಿ ಯಾರಿಗೂ ಹೇಳಲಿಲ್ಲ. ಅಂದಿನಿಂದ ಮನೆಯಲ್ಲಿ ಚಹಾ ಮಾಡುವುದನ್ನೂ ಬಿಟ್ಟೆ, ಪಿತ್ತ ಆಗುತ್ತದೆ ಎಂದು ಕೇಳಿದವರಿಗೆ ಸುಳ್ಳು ಹೇಳುತ್ತೇನೆ.

ಹೋದ ತಿಂಗಳು ಶಬಾನಾ ಎಂಬ ವಿದ್ಯಾರ್ಥಿನಿ ರೆಕಾರ್ಡ್ ಪುಸ್ತಕ ಹಿಡಿದು ನನ್ನ ಮೇಜಿನ ಮುಂದೆ ನಿಂತಳು. ಜೇವರ್ಗಿಯ ಹುಡುಗಿ, ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಾಳೆ.

“ನಮ್ಮ ಮನ್ಯಾಗ ಸಬ್ಜೆಕ್ಟ್ ಆಗಾಕ ಎಲ್ಲಾರೂ ಒಲ್ಲೆ ಅಂತಾರ್ರಿ ಸರ್. ಮಾವ ನನಗೇನು ಹುಚ್ಚು ಹಿಡದದೇನು ಅಂತಾನ. ನೀವೇ ಕೂಡ್ರಿ.”

ಇಷ್ಟು ವರ್ಷಗಳಲ್ಲಿ ನಾನು ಆ ಕುರ್ಚಿಯಲ್ಲಿ ಕೂತವನಲ್ಲ. ಬೇಡವೆನ್ನಲು ನೆಪ ಸಿಗದೆ ಕೂತೆ. ಅವಳು ಒಂದು ಪದ ಹೇಳಬೇಕು, ನಾನು ತಕ್ಷಣ ಮನಸ್ಸಿಗೆ ಬಂದ ಇನ್ನೊಂದು ಪದ ಹೇಳಬೇಕು, ನಡುವಿನ ಹೊತ್ತನ್ನು ಅವಳು ಸ್ಟಾಪ್‌ವಾಚಿನಲ್ಲಿ ಹಿಡಿಯಬೇಕು. ಇದೂ ಅದೇ ಸೋದರಮಾವಂದಿರ ಕಾಲದ ಆಟ. ಹೊಲ ಎಂದಳು, ಕಬ್ಬು ಎಂದೆ. ನದಿ ಎಂದಳು, ಭೀಮಾ ಎಂದೆ. ಚಹಾ ಎಂದಳು.

ಸ್ಟಾಪ್‌ವಾಚಿನ ಟಿಕಟಿಕ ಕೇಳುತ್ತಿತ್ತು. “ಸರ್, ಒಂದು ನಿಮಿಷ ಆತ್ರಿ,” ಎಂದಳು ಶಬಾನಾ. ಆಮೇಲೆ ಮೆಲ್ಲಗೆ ವಾಚು ನಿಲ್ಲಿಸಿ, “ವರದಿ ಹೇಳ್ರಿ, ಹಾಳ್ಯಾಗ ಬರಕೊತೇನಿ,” ಎಂದು ಒಂದು ಬಿಡಿ ಹಾಳೆ ತೆಗೆದಳು. ನಾನು ಹೇಳಿದೆ. ಕಸ್ತೂರಿಯ ಹೆಸರು ಹೇಳಿದೆ, ಅವಳು ಚೌಕಟ್ಟು ಹಿಡಿದು ನಿಂತದ್ದು, ನಾನು ಅಂಕ ಕೊಟ್ಟದ್ದು, ಚಹಾ ಮುಗಿಸಿದ್ದು, ಅದಕ್ಕೇ ಹೋದಳೇನೋ ಎಂದು ನನಗೆ ದಿನಾ ಹೆದರಿಕೆಯಾಗುವುದು, ಎಲ್ಲ ಹೇಳಿದೆ. ಅವಳು ನಡುವೆ ಪೆನ್ನು ನಿಲ್ಲಿಸಿದಳು, ಮತ್ತೆ ಬರೆದಳು.

ಮರುವಾರ ರೆಕಾರ್ಡ್ ಪುಸ್ತಕ ನನ್ನ ಸಹಿಗೆ ಬಂತು. ದುಂಡಗಿನ ಅಕ್ಷರದಲ್ಲಿ ಶಬಾನಾ ಬರೆದಿದ್ದಳು: ‘ಚಹಾ ಎಂಬ ಪದ ಕೇಳಿದಾಗ ಸಬ್ಜೆಕ್ಟಿಗೆ ಗಂಟಲು ಬಿಗಿದಂತೆ, ಕಣ್ಣು ಬಿಸಿಯಾದಂತೆ, ಎದೆ ಭಾರವಾದಂತೆ ಅನುಭವವಾಯಿತು.’ ಅಷ್ಟೇ. ಪುಟದ ನಡುವೆ ಆ ಬಿಡಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು.

“ಉಳಿದದ್ದು ಯಾಕ ಬರದಿಲ್ಲ?” ಎಂದೆ.

“ಹೆಸರು ಹೇಳಬಾರದು ಅಂತ ನೀವೇ ಕಲಿಸೀರಲ್ರಿ ಸರ್. ಮತ್ತ ಇದು ಪರೀಕ್ಷಾ ಮಾಡಾಕ ಬಂದವರೆಲ್ಲ ನೋಡೋ ಪುಸ್ತಕ. ಆ ಹಾಳಿ ನಿಮ್ಮದು, ನಿಮಗೇ ತಂದೇನಿ.”

ಹುಡುಗಿಯ ತಪ್ಪೇನೂ ಇರಲಿಲ್ಲ. ಕೆಂಪು ಪೆನ್ನು ತೆಗೆದು ಒಂಬತ್ತು ಹಾಕಿದೆ. ಅವಳು ಅಂಕ ನೋಡಿ ಅಲ್ಲೇ ನಿಂತಳು.

“ಒಂದು ಯಾಕ ಹೋತ್ರಿ?”

“ಹೆಸರು ಬರದಿಲ್ಲಲ್ಲ, ಅದಕ್ಕ.”

ಬಸ್ಸಿನಲ್ಲಿ ಪಕ್ಕದವರು ಸರಿಯುವಂತೆ ಶಬಾನಾ ತುಸು ಆಚೆ ಸರಿದು, ಪುಸ್ತಕ ತೆಗೆದುಕೊಂಡು ಹೊರಗೆ ಹೋದಳು. ಬಾಗಿಲಾಚೆ ಗೆಳತಿಗೆ ಹೇಳಿದ್ದು ನನಗೂ ಕೇಳಿಸಿತು. “ಸರ್ ತಾವು ಕಲಿಸಿದ ಪಾಠ ತಾವೇ ಮರತಾರ ಬೇ.”

ಹೌದು, ಮರೆತಿದ್ದೇನೆ. ಮರೆಯುವುದಕ್ಕೆ ಎರಡು ವರ್ಷ ತಡವಾಯಿತು.