ಎಂಟು ಗಂಟೆಯ ಯಜಮಾನರು

ನಮ್ಮತ್ತೆ ಈ ಲೋಕದಲ್ಲಿ ಹೆದರುವುದು ಒಬ್ಬರಿಗೆ ಮಾತ್ರ. ಆ ಮಹಾನುಭಾವರಿಗೆ ಇನ್ನೂ ನೆಟ್ಟಗೆ ನಿಲ್ಲಲು ಬರುವುದಿಲ್ಲ. ಚಡ್ಡಿ ಹಾಕಿದರೆ ಕಿತ್ತು ಎಸೆಯುತ್ತಾರೆ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾರೆ. ಅವರು ಬೇರೆ ಯಾರೂ ಅಲ್ಲ, ನನ್ನ ಮಗ!

ಗುಬ್ಬಿಯಲ್ಲಿ ಬಸ್ಸು ಹತ್ತಿದರೆ ಡ್ರೈವರ್ ಹಿಂದಿನ ಸೀಟನ್ನು ಗದರಿಸಿ ಖಾಲಿ ಮಾಡಿಸುವ ಹೆಂಗಸು ನಮ್ಮತ್ತೆ. ಅಂಥವರು ಈ ಒಂದು ವರ್ಷದ ಕೂಸು ತೊಟ್ಟಿಲಲ್ಲಿ ಕಣ್ಣು ಬಿಟ್ಟರೆ ಸಾಕು, ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಲ್ಲುತ್ತಾರೆ. ಯಾಕೆ ಅಂತೀರಾ? ತೀರಿಕೊಂಡ ಮಾವನವರ ಹೆಸರನ್ನೇ ಮಗನಿಗೆ ಇಟ್ಟೆವು ನೋಡಿ, ಅದಕ್ಕೆ. ಅತ್ತೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರೇ ಅಲ್ಲ. ರೇಷನ್ ಕಾರ್ಡ್ ಮಾಡಿಸುವಾಗ ಗುಮಾಸ್ತ ಗಂಡನ ಹೆಸರು ಕೇಳಿದನಂತೆ. ಇವರು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಶಿವನನ್ನು ತೋರಿಸಿ, "ಇವ್ರದೇ ಕಣಪ್ಪ, ಹಿಂದ್ಕೊಂದು ಅಪ್ಪ ಸೇರುಸ್ಕೊ" ಅಂದರಂತೆ. ಅವನು ಈಶ್ವರಪ್ಪ ಅಂತ ಬರೆದುಕೊಂಡ. ಹೆಸರು ಅದಲ್ಲ! ಆಮೇಲೆ ಮಾವನವರು ತಮ್ಮ ಹೆಸರನ್ನು ತಾವೇ ವಾಪಸು ಪಡೆಯಲು ಆಫೀಸು ಅಲೆದು ಚಪ್ಪಲಿ ಸವೆಸಿದರು.

ಇಂಥವರು ಮೊಮ್ಮಗನನ್ನು ಹೆಸರು ಹಿಡಿದು ಹೇಗೆ ಕರೆದಾರು? "ಅವ್ರು ಎದ್ರು", "ಅವ್ರು ಕಕ್ಕ ಮಾಡ್ಕೊಂಡವ್ರೆ", ಎಲ್ಲವೂ ಬಹುವಚನ. ಅವರ ಮುಂದೆ ನಾವೂ ಹೆಸರು ಕೂಗುವಂತಿಲ್ಲ, ಪಾಪು ಅನ್ನಬೇಕು. ಅಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮಾವನವರಿಗೆ ರಾತ್ರಿ ಎಂಟಕ್ಕೆ ಸರಿಯಾಗಿ ಊಟದ ತಟ್ಟೆ ಮುಂದೆ ಇರಬೇಕಿತ್ತಂತೆ. ನನ್ನ ಮಗನಿಗೂ ಎಂಟಕ್ಕೆ ಸರಿಯಾಗಿ ಎದೆಹಾಲು ಬೇಕು! ಅತ್ತೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ನನ್ನದು ತುಮಕೂರು ಪೇಟೆಯಲ್ಲಿ ಪುಟ್ಟ ಮ್ಯಾಚಿಂಗ್ ಸೆಂಟರ್. ಬ್ಲೌಸ್ ಪೀಸು, ಲೈನಿಂಗು, ಸೀರೆಗೆ ಫಾಲ್ಸು. ಫುಟ್‌ಪಾತಿನಲ್ಲಿ ಟಾರ್ಪಾಲು ಹಾಸಿ ಶುರು ಮಾಡಿದವಳು ನಾನು. ಸೂರತ್ತಿನ ಏಜೆಂಟರು ನನ್ನ ಜೊತೆ ಚೌಕಾಸಿ ಮಾಡಿ ಹೊರಗೆ ಹೋಗುವಾಗ ನೀರು ಕೇಳುತ್ತಾರೆ. ನಮ್ಮ ವ್ಯಾಪಾರವೆಲ್ಲ ಸಂಜೆ ದೀಪ ಹಚ್ಚಿದ ಮೇಲೆಯೇ. ಆ ಹೊತ್ತಿನಲ್ಲಿ ನಾನು ಶಟರ್ ಎಳೆದು ಶೆಟ್ಟಿಹಳ್ಳಿಯ ಮನೆಗೆ ಓಡಿದರೆ ಎದುರಿನ ಅಂಗಡಿಯವನು ನನ್ನ ಹೆಸರಲ್ಲಿ ಊದುಬತ್ತಿ ಹಚ್ಚುತ್ತಾನೆ, ಸಂತೋಷಕ್ಕೆ!

ನಮ್ಮ ಮನೆಯವರು ಕುಣಿಗಲ್ಲಿನಲ್ಲಿ ಮೇಷ್ಟ್ರು. ಟ್ಯೂಷನ್ ಮುಗಿಸಿ ಬಸ್ಸಿಳಿಯುವಾಗ ಒಂಬತ್ತಾಗುತ್ತದೆ. "ಸಂಜೆ ಹೊತ್ತು ಅಂಗಡೀನ ಯಾರಿಗಾದ್ರೂ ವಹಿಸಿಬಿಡು" ಅಂದರು.

"ಆಗಲಿ. ನೀವು ಮಧ್ಯಾಹ್ನದಿಂದ ನಿಮ್ಮ ಸ್ಕೂಲನ್ನ ಯಾರಿಗಾದ್ರೂ ವಹಿಸಿ" ಅಂದೆ. ಆಮೇಲೆ ಅವರು ಆ ಮಾತೆತ್ತಲಿಲ್ಲ.

ಎಂಟರ ಹಾಲು ಬಿಡಿಸುವುದೇ ಸರಿ ಎಂದು ತೀರ್ಮಾನಿಸಿದೆ. ನಿಮ್ಮ ಮನೆಯಲ್ಲಿ ಕೂಸಿದ್ದರೆ ಕೇಳಿಸಿಕೊಳ್ಳಿ, ಸಲಹೆಗೆ ನಾನು ಫೀಸು ಇಟ್ಟಿಲ್ಲ. ಒಂದೇ ಸಲಕ್ಕೆ ಎಲ್ಲ ಬಿಡಿಸಲು ಹೋಗಬೇಡಿ; ಬೆಳಗಿನದು ಇರಲಿ, ಸಂಜೆಯದನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತ ಬನ್ನಿ. ಏಳಕ್ಕೆಲ್ಲ ಹೊಟ್ಟೆ ತುಂಬ ರಾಗಿ ಸರಿ ತಿನ್ನಿಸಿ. ಮಲಗಿಸುವುದು ಬೇರೆಯವರು, ತಾಯಿ ಕಣ್ಣಿಗೆ ಬೀಳಬಾರದು. ಎಷ್ಟೇ ಅತ್ತರೂ ಎತ್ತಿಕೊಂಡು ಓಡಾಡಿ, ಮಾತಾಡಿಸಿ, ಆದರೆ ಹಾಲು ಮಾತ್ರ ಇಲ್ಲ ಅನ್ನಿ. ಇಷ್ಟನ್ನೂ ಅತ್ತೆಗೆ ಬಿಡಿಸಿ ಹೇಳಿದೆ. ಎಲ್ಲಕ್ಕೂ ತಲೆಯಾಡಿಸಿದರು. ಕೊನೆಯದಕ್ಕೆ ಮಾತ್ರ ಮುಖ ಸಣ್ಣದು ಮಾಡಿದರು.

"ಅವ್ರಿಗೆ ಇಲ್ಲ ಅನ್ನಾದಾ? ನನ್ ಬಾಯಲ್ಲಿ ಬರಾಕಿಲ್ಲ ಕಣವ್ವ. ಬೇವು ಅರೆದ್ಕೊಡ್ತೀನಿ, ಹಚ್ಕೊ. ಇಲ್ಲ ಅಂತ ಬೇವೇ ಅನ್ಲಿ."

ಹಳೇ ಕಾಲದ ಉಪಾಯ, ಇರಲಿ ಅಂತ ಒಪ್ಪಿದೆ. ಅತ್ತೆ ಬೇವಿನ ಸೊಪ್ಪನ್ನು ಗಂಧದ ಹಾಗೆ ನುಣ್ಣಗೆ ಅರೆದರು. ವಾಸನೆಗೇ ನನಗೆ ತಲೆ ಸುತ್ತಿತು. ಮಗ ಬಂದ, ನೆಕ್ಕಿದ, ತಲೆಯೆತ್ತಿ ನನ್ನನ್ನು ನೋಡಿದ. ಈಗ ಅಳುತ್ತಾನೆ ಅಂತ ಕಾದೆ. ಚಪ್ಪರಿಸಿದ! ಇನ್ನೊಂದು ಸಲ ನೆಕ್ಕಿ, ಬೇವನ್ನೆಲ್ಲ ಖಾಲಿ ಮಾಡಿ, ಆಮೇಲೆ ನೆಮ್ಮದಿಯಾಗಿ ಹಾಲು ಕುಡಿದ.

ಅಳುವುದು ನನ್ನ ಸರದಿಯಾಯಿತು. ಆಗ ಹೊಳೆಯಿತು: ಹುಟ್ಟಿದಾಗಿನಿಂದ ದಿನಾ ಎಣ್ಣೆ ನೀರಾದ ಮೇಲೆ ಈ ಕೂಸಿಗೆ ಬಜೆ, ಅಳಲೆಕಾಯಿ ತೇಯ್ದು ನೆಕ್ಕಿಸುತ್ತ ಬಂದವರು ಯಾರು? ಇದೇ ಅತ್ತೆ! ಆ ನಾಲಿಗೆಗೆ ಬೇವು ಅಂದರೆ ಪಾಯಸ. ತಮ್ಮ ಕೈಯಾರೆ ಪಳಗಿಸಿದ ಕುದುರೆಗೆ ತಾವೇ ಬೇಲಿ ಹಾಕಲು ಹೊರಟಿದ್ದರು. ನಾಚಿಕೆಯಾದರೂ ಆಯಿತೇ? ಕಣ್ಣಲ್ಲಿ ನೀರು ತುಂಬಿಕೊಂಡು, "ಅವ್ರೂ ಹಿಂಗೇಯಾ! ಹಾಗಲಕಾಯಿ ಗೊಜ್ಜು ಮಾಡಿದ್ರೆ ತಟ್ಟೆ ನೆಕ್ಕೋರು" ಅಂದರು.

ನನಗೆ ಹಾಗಲಕಾಯಿ ಕಂಡರಾಗದು. ಅವತ್ತಿನಿಂದ ಬೇವೂ ಆಗದು.

ಆಮೇಲೆ ಶುರುವಾಯಿತು ಫೋನಿನ ಕಾಟ. ಅಂಗಡಿ ತುಂಬ ಗಿರಾಕಿ, ಕೈಯಲ್ಲಿ ಕತ್ತರಿ, ಫೋನು ಸ್ಪೀಕರಿನಲ್ಲಿ. "ಅವ್ರು ಕಾಯ್ತಾ ಕುಂತವ್ರೆ. ಬಂದ್ಬುಡವ್ವ, ಕ್ವಾಪ ಬಂದದೆ!"

ಕ್ಯಾತ್ಸಂದ್ರದಿಂದ ಬರುವ ಒಬ್ಬ ಟೀಚರಮ್ಮ ಕನಿಕರದಿಂದ ಕೇಳಿದರು: "ನಿಮ್ಮೆಜಮಾನ್ರು ಅಷ್ಟೊಂದು ಸ್ಟ್ರಿಕ್ಟಾ?"

"ಎಜಮಾನ್ರಲ್ಲ ಮೇಡಂ, ಮಗ."

"ಓ, ದೊಡ್ಡವನಾ?"

"ಹೂಂ. ನಾಲ್ಕು ಹಲ್ಲು ಬಂದಿದೆ."

ಫೋನು ಎತ್ತುವುದನ್ನೇ ಬಿಟ್ಟೆ. ಸೂರತ್ತಿನವರನ್ನು ಬಗ್ಗಿಸುವ ನನಗೆ ಇದೇ ದೊಡ್ಡ ಜಾಣತನ ಅನ್ನಿಸಿತ್ತು. ಒಂದು ಸಂಜೆ ಗೂಳೂರಿನಿಂದ ಮದುವೆ ಮನೆಯವರು ಬಂದು ಕೂತಿದ್ದರು. ಕೌಂಟರಿನ ಮೇಲೆ ಸೀರೆಗಳ ಗುಡ್ಡ, ಪ್ರತಿಯೊಂದಕ್ಕೂ ಮ್ಯಾಚಿಂಗ್ ಆಗಬೇಕು. ಅಂಥ ಗಿರಾಕಿ ಒಬ್ಬರು ಸಿಕ್ಕರೆ ಅವರ ನೆಂಟರಿಷ್ಟರೆಲ್ಲ ಹಿಂದೆಯೇ ಬರುತ್ತಾರೆ. ಅಷ್ಟರಲ್ಲಿ ಬಾಗಿಲಿಗೆ ಆಟೋ ಬಂದು ನಿಂತಿತು. ಕೆಂಪು ಮುಖ ಮಾಡಿಕೊಂಡು ಚೀರುತ್ತಿದ್ದ ಮಗನನ್ನು ಎತ್ತಿಕೊಂಡು ಅತ್ತೆ ಇಳಿದರು.

"ಅವ್ರೇ ಹೊಂಟ್ರು ಕಣವ್ವ. ನಾನೇನ್ ಮಾಡ್ಲಿ?"

ಲೈನಿಂಗ್ ಬಟ್ಟೆಯ ಥಾನುಗಳ ಹಿಂದೆ ಕೂತು ಹಾಲು ಕೊಟ್ಟೆ. ಮದುವೆ ಹುಡುಗಿಯ ತಾಯಿ ಸ್ವಲ್ಪ ಹೊತ್ತು ಕಾದರು, ಆಮೇಲೆ ಸೀರೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದರು. "ನೀನು ಮಗು ನೋಡ್ಕೊಳಮ್ಮ. ಎದುರುಗಡೆ ಒಂದ್ಸಲ ನೋಡ್ಕಂಡು ಬತ್ತೀವಿ." ಎದುರುಗಡೆ ನೋಡಿಕೊಂಡು ಬರುತ್ತೇವೆ ಎಂದು ಹೋದ ಗಿರಾಕಿ ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ.

ಕೂಗಾಡಬೇಕೆಂದಿದ್ದೆ. "ಹಿಂಗೇ ಆದ್ರೆ ಈ ಅಂಗಡಿ ಯುಗಾದಿ ಕಾಣಲ್ಲ ಅತ್ತೆ. ಮಳೆ, ಪೊಲೀಸು, ಯಾರೂ ಮುಚ್ಚಿಸೋಕಾಗಲಿಲ್ಲ. ಈಗ ನಾನೇ ಮುಚ್ಚಬೇಕು" ಅಂದೆ ಅಷ್ಟೆ.

ಅತ್ತೆ ಖಾಲಿ ಕೌಂಟರನ್ನೇ ನೋಡುತ್ತ ನಿಂತಿದ್ದರು. ವಾಪಸು ಹೋಗುವಾಗ ಆಟೋದವನ ಜೊತೆಗೂ ಜಗಳವಾಡಲಿಲ್ಲ. ಅದು ಆಗಲೇ ನನಗೆ ವಿಚಿತ್ರವೆನ್ನಿಸಬೇಕಿತ್ತು.

ಮಾರನೆಯ ದಿನ ರಾತ್ರಿ ಎಂಟಾಯಿತು, ಫೋನು ಬರಲಿಲ್ಲ. ಎಂಟೂವರೆಯಾಯಿತು, ಇಲ್ಲ. ಬಂದರೆ ಕಾಟ, ಬರದಿದ್ದರೆ ಇನ್ನೂ ದೊಡ್ಡ ಕಾಟ! ಹಾಲು ಕಟ್ಟಿ ಎದೆ ಕಲ್ಲಾಗಿ ಬ್ಲೌಸೆಲ್ಲ ಒದ್ದೆ. ಯಾರಿಗೋ ಹಸಿರಿಗೆ ನೀಲಿ ಕತ್ತರಿಸಿ ಕೊಟ್ಟೆ. ಅವರೂ ನೋಡದೆ ಒಯ್ದರು, ಪುಣ್ಯ. ಒಂಬತ್ತಾಗುವ ಮೊದಲೇ ಶಟರ್ ಎಳೆದು, ಆಟೋದವನು ಕೇಳಿದಷ್ಟು ಕೊಟ್ಟು ಮನೆಗೆ ಓಡಿದೆ. ನಾನು! ಕೇಳಿದಷ್ಟು!

ಬಾಗಿಲು ಮುಂದಕ್ಕೆಳೆದಿತ್ತು. ಒಳಗೆ ಅತ್ತು ಸುಸ್ತಾದ ಮಗುವಿನ ಬಿಕ್ಕು. ತಳ್ಳಬೇಕೆಂದು ಕೈಯಿಟ್ಟವಳು ಹಾಗೇ ನಿಂತೆ.

"ಇಲ್ಲ ಕಣೋ ನಂಜುಂಡ. ಇವಾಗ ಹಾಲಿಲ್ಲ. ನಿಮ್ಮವ್ವ ಅಂಗಡೀಲವ್ಳೆ ಕಣೋ. ಮಲಕ್ಕೊ ನನ್ ಮಗನೆ... ನಂಜುಂಡ... ಮಲಕ್ಕೊಳ್ಳೋ ನಂಜುಂಡ..."

ಬಿಕ್ಕು ನಿಧಾನವಾಗಿ ನಿಂತಿತು. ಆದರೂ ಅತ್ತೆ ಆ ಹೆಸರು ಹೇಳುವುದನ್ನು ನಿಲ್ಲಿಸಲಿಲ್ಲ. ಇಷ್ಟು ವರ್ಷ ಒಳಗೆ ಇಟ್ಟುಕೊಂಡಿದ್ದನ್ನೆಲ್ಲ ಒಟ್ಟಿಗೆ ಹೇಳಿ ಮುಗಿಸುವವರ ಹಾಗೆ, ಮೆಲ್ಲಗೆ.

ಒಳಗೆ ಹೋದೆ. ಅತ್ತೆಯ ಸೆರಗು ತಲೆಯಿಂದ ಜಾರಿತ್ತು. ಅದರ ಅಂಚು ಮಲಗಿದ ಮಗನ ಮುಷ್ಟಿಯಲ್ಲಿತ್ತು. ಅತ್ತೆ ನನ್ನ ಮುಖ ನೋಡಲಿಲ್ಲ.

"ಅವ್ರಿಗೆ ಇಲ್ಲ ಅನ್ನಕ್ಕೆ ನನ್ ಕೈಲಿ ಆಗಾಕಿಲ್ಲ ಕಣವ್ವ. ಇವನು ಮೊಮ್ಮಗ. ಇವನಿಗಂದೆ."

ಸೆರಗು ಬಿಡಿಸಿಕೊಂಡರೆ ಮಗ ಎದ್ದಾನು ಎಂದು ಅತ್ತೆ ಕೂತಲ್ಲೇ ಕೂತು, ಅಡುಗೆಮನೆಯ ಕಡೆ ಕಣ್ಣಲ್ಲೇ ತೋರಿಸಿದರು.

ಅಲ್ಲಿ ಮಾವನವರ ತಟ್ಟೆಯಲ್ಲಿ ನನಗೆ ಊಟ ಬಡಿಸಿ ಮುಚ್ಚಿಟ್ಟಿದ್ದರು. ಎಂಟಕ್ಕೇ ಬಡಿಸಿರಬೇಕು, ಅನ್ನ ಆರಿತ್ತು. ಪಕ್ಕದಲ್ಲಿ ಹಾಗಲಕಾಯಿ ಗೊಜ್ಜು.

ತಟ್ಟೆ ನೆಕ್ಕಿದೆ.